ಯಾವ ಕಡೆಯಿಂದ ಕರೆದ್ರಿ?

ಮಂಗಟ್ಟೆ ತಲೆ ಮೇಲೆ ಹಾದು ಹೋದರೆ ಕತ್ತು ಎತ್ತದ ಮನುಷ್ಯರು ನಮ್ಮ ಮೌಳಂಗಿಯಲ್ಲಿ ಯಾರಿದ್ದಾರೆ ಹೇಳ್ರಿ? ದಿನಾ ನೋಡುವ ಹಕ್ಕಿಯೇ. ಆದರೂ ಕೈಯಲ್ಲಿ ಬಟ್ಟೆ ಬುಟ್ಟಿ ಇರಲಿ, ಮೊಬೈಲ್ ಇರಲಿ, ಆ 'ಹುಸ್... ಹುಸ್...' ಕಿವಿಗೆ ಬಿದ್ದ ಕೂಡಲೇ ಮುಖ ಆಕಾಶಕ್ಕೆ. ದೊಡ್ಡ ಮಂಗಟ್ಟೆಯ ರೆಕ್ಕೆಯ ಗರಿಗಳ ಬುಡಕ್ಕೆ ಬೇರೆ ಹಕ್ಕಿಗಳಿಗಿರುವಂಥ ಒಳಹೊದಿಕೆ ಇಲ್ಲ, ಸಂದಿಯಲ್ಲಿ ಗಾಳಿ ನುಗ್ಗಿ ಅಷ್ಟು ಸದ್ದು. ಶನಿವಾರ, ಭಾನುವಾರ ಕಾಳಿ ನದಿಗೆ ಬರುವ ಪ್ಯಾಟಿ ಮಂದಿ 'ಎಲ್ಲಿ, ಎಲ್ಲಿ' ಅಂತ ಹಕ್ಕಿ ಹುಡುಕೋದಿಲ್ಲ, ನಮ್ಮ ಮುಖ ನೋಡುತ್ತಾರೆ. ನಾವು ಯಾವ ಕಡೆ ನೋಡುತ್ತೇವೋ ಆ ಕಡೆ ಕ್ಯಾಮೆರಾ ತಿರುಗಿಸುತ್ತಾರೆ. ಜಾಣತನವೇ ಅಲ್ವಾ?

ನನ್ನ ಎಡಗಿವಿ ಹಿಂದೆ ಸರಿದ ಮೇಲೆ ನನ್ನ ಮುಖದಿಂದ ಅವರಿಗೆ ಉಪಯೋಗ ಆಗಲಿಲ್ಲ. ಸದ್ದೇನೋ ಕೇಳುತ್ತಿತ್ತು, ಬಲಗಿವಿ ಗಟ್ಟಿಮುಟ್ಟಾಗಿದೆಯಲ್ಲ. ಆದರೆ ಹಕ್ಕಿ ಎಡಕ್ಕೆ ನದಿ ದಾಟಿ ಆಚೆ ದಂಡೆಗೆ ಹೋದರೂ ನಾನು ಬಲಕ್ಕೆ ತಿರುಗಿ ಹಿತ್ತಲ ತೇಗದ ಮರ ನೋಡುತ್ತಿದ್ದೆ. ಒಂದೇ ಕಿವಿಯವರಿಗೆ ಜಗತ್ತಿನ ಸದ್ದೆಲ್ಲ ಆ ಒಂದೇ ಕಡೆಯಿಂದ ಬರುತ್ತದೆ. ನಾಯಿ ಬೊಗಳಿದರೂ ಬಲಗಡೆ, ಬಸ್ಸು ಹಾರ್ನ್ ಹೊಡೆದರೂ ಬಲಗಡೆ, ನೀವು ಈ ಬೇಲಿ ಆಚೆಯಿಂದ 'ಅಕ್ಕಾರೇ' ಅಂದರೂ ಬಲಗಡೆ. ಹೇಳಿದರೂ ಬೇರೆಯವರಿಗೆ ಇದು ಅರ್ಥ ಆಗೋದೇ ಕಷ್ಟ. 'ಎಷ್ಟು ಕೇಳಿಸುತ್ತೆ? ಇಷ್ಟು ಜೋರು ಮಾತಾಡಿದರೆ ಸಾಕಾ?' ಅಂತ ಕೇಳುತ್ತಾರೆ. ಜೋರಿನ ಮಾತೇ ಅಲ್ಲರೀ. ಎಲ್ಲಿ ಅನ್ನೋದೇ ಹೋದರೆ ಎಷ್ಟು ಕೇಳಿ ಏನು ಮಾಡೋದು?

ಎರಡು ಕಿವಿಗಳ ನಡುವಿನ ದೂರ ಹೆಚ್ಚೂಕಡಿಮೆ ಒಂದು ಗೇಣು. ಎಡಗಡೆಯ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತದೆ, ತಲೆ ಸುತ್ತಿ ಬಲಗಿವಿಗೆ ಆಮೇಲೆ. ಆ ವ್ಯತ್ಯಾಸ ಎಷ್ಟು ಗೊತ್ತಾ? ಬಹಳ ಅಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ಮುಕ್ಕಾಲು ಭಾಗವೂ ಇಲ್ಲ. ಅಷ್ಟು ಚೂರು ಹೊತ್ತನ್ನು ಹಿಡಿದು ಮಿದುಳು 'ಅಗೋ ಆ ಮರ' ಅಂತ ಬೆರಳು ತೋರಿಸುತ್ತದೆ. ಜೊತೆಗೆ ತಲೆಯೇ ಅಡ್ಡ ನಿಂತು ಸದ್ದನ್ನು ತಡೆಯುತ್ತದೆ. ದಪ್ಪ ಸದ್ದು ತಲೆಯನ್ನು ಬಳಸಿಕೊಂಡು ಆಚೆ ಬರುತ್ತದೆ, ಸಣ್ಣ ಚೂಪು ಸದ್ದು ಈಚೆಯೇ ಉಳಿದುಬಿಡುತ್ತದೆ. ಇದೆಲ್ಲ ನನಗೆ ಪುಸ್ತಕದಿಂದ ತಿಳಿಯುವ ಮೊದಲೇ ಊಟದ ಪಂಕ್ತಿಯಲ್ಲಿ ತಿಳಿದಿತ್ತು.

ಬಡಿಸುವಾಗ ಎಡಗಡೆ ಕೂತವರು 'ಸಾಕು' ಅಂತಾರೆ. ಬಲಗಡೆ ಹತ್ತು ಮಂದಿಯ ಗದ್ದಲ. 'ಸಾಕು'ವಿನಲ್ಲಿರುವ ಸಕಾರ ಬಹಳ ಸಣ್ಣ ಸದ್ದು, ತಲೆ ದಾಟಿ ಬರುವ ಶಕ್ತಿ ಅದಕ್ಕಿಲ್ಲ. ಉಳಿದದ್ದು 'ಆಕು'. ಅದಕ್ಕೆ ಮಿದುಳು ತನಗೆ ತೋಚಿದ ಅಕ್ಷರ ಅಂಟಿಸಿ 'ಹಾಕು' ಅಂತ ಮಾಡಿಕೊಡುತ್ತದೆ. ಸಾಕು ಅಂದವರ ಎಲೆಗೆ ಇನ್ನೊಂದು ಸೌಟು ಹುಳಿ! ನಮ್ಮ ಕಡೆ ಉಪಚಾರ ಜಾಸ್ತಿ ಅಂತ ಬೀಗರು ಹೊಗಳಿಕೊಂಡು ಹೋದರು, ಅದು ಬೇರೆ ಮಾತು.

ಮನೆಯವರಿಗೆ ಮಾತ್ರ ಬಹಳ ದಿನ ಗೊತ್ತೇ ಆಗಲಿಲ್ಲ. ಹೇಗೆ ಗೊತ್ತಾಗಬೇಕು? ಸ್ಕೂಟರ್ ಮೇಲೆ ಸೀರೆ ಉಟ್ಟವರು ಎಡಕ್ಕೆ ಮುಖ ಮಾಡಿ ಅಡ್ಡ ಕೂರೋದು, ಹೌದಲ್ಲ? ಆಗ ಗಾಡಿ ಓಡಿಸುವವರು ಇರೋದು ನಮ್ಮ ಬಲಗಡೆ. ದಾಂಡೇಲಿಗೆ ಹೋಗಿ ಬರುವ ದಾರಿಯಲ್ಲಿ ಅವರು ಆಡಿದ ಮಾತೆಲ್ಲ ನೆಟ್ಟಗೆ ಬಲಗಿವಿಗೆ. ಫೋನು ಹಿಡಿಯೋದು ಬಲಗೈಯಲ್ಲಿ, ಬಲಗಿವಿಗೆ. ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸೀಟು ಸಿಕ್ಕರೆ ಮಾತಾಡುವವರೆಲ್ಲ ಬಲಕ್ಕೇ ಇರುತ್ತಾರೆ. ಮೈ ತಾನೇ ಅಂಥ ಜಾಗ ಹುಡುಕಿಕೊಂಡುಬಿಡುತ್ತದೆ, ನಾವು ಹೇಳಿಕೊಡಬೇಕಾಗಿಲ್ಲ. ಮಲಗುವಾಗಲಂತೂ ಸುಖ. ಒಳ್ಳೆಯ ಕಿವಿ ದಿಂಬಿಗೆ ಒತ್ತಿ ಮಲಗಿದರೆ ಆಷಾಢದ ಮಳೆ ತಗಡಿನ ಮೇಲೆ ಎಷ್ಟಾದರೂ ಕುಣಿಯಲಿ, ನನಗೆ ಬೆಳಗಿನವರೆಗೆ ನಿದ್ದೆ. ಈ ಒಂದು ಅನುಕೂಲವನ್ನು ಕಿವಿ ಮಷಿನ್ ಬಂದ ಮೇಲೂ ಬಿಟ್ಟುಕೊಟ್ಟಿಲ್ಲ. ರಾತ್ರಿ ಅದನ್ನು ತೆಗೆದಿಡಬೇಕು ಅಂತ ಮಷಿನ್ ಕೊಟ್ಟವರೇ ಹೇಳಿದ್ದಾರಲ್ಲ.

ಹುಬ್ಬಳ್ಳಿಯಲ್ಲಿ ಮಾಡಿಸಿದ ಕಿವಿ ಪರೀಕ್ಷೆಯ ಕಥೆ ನಿಮಗೆ ಹೇಳಲೇಬೇಕು. ಮೊದಲು ಡಾಕ್ಟರು ಒಂದು ಕವಲಿನ ಕಬ್ಬಿಣ ತಟ್ಟಿ ನಡುಹಣೆಗೆ ಇಟ್ಟು 'ಯಾವ ಕಡೆ ಕೇಳುತ್ತೆ?' ಅಂದರು. ನಡುಹಣೆಗೆ ಇಟ್ಟರೆ ನಡುವೆ ಕೇಳಬೇಕಲ್ಲ, ಇಲ್ಲ, ಸದ್ದು ಸರ್ರಂತ ಬಲಕ್ಕೆ ಹೋಯಿತು. ನರ ಸೋತಿದ್ದರೆ ಸದ್ದು ಒಳ್ಳೆಯ ಕಿವಿಗೆ ಹೋಗುತ್ತದೆ. ಮೇಣ ಕಟ್ಟಿದ್ದರೆ, ತಮಟೆ ಹರಿದಿದ್ದರೆ ಕೆಟ್ಟ ಕಿವಿಗೇ ಹೋಗುತ್ತದೆ! ಈ ಉಲ್ಟಾ ಲೆಕ್ಕ ನನಗೆ ಎಷ್ಟು ಇಷ್ಟವಾಯಿತೆಂದರೆ ಬರುವಾಗ ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದೆ. ಒಂದು ತುಂಡು ಲೋಹ, ಒಂದು ಪ್ರಶ್ನೆ, ಅಷ್ಟರಲ್ಲಿ ಅರ್ಧ ರೋಗ ಪತ್ತೆ.

ಆಮೇಲೆ ಆಡಿಯಾಲಜಿಸ್ಟ್ ಹುಡುಗಿ ಗಾಜಿನ ಕಿಟಕಿಯ ಕೋಣೆಯೊಳಗೆ ಕೂರಿಸಿದಳು. ಸಣ್ಣ ಸಣ್ಣ 'ಟೂ ಟೂ' ಕೇಳಿದಾಗ ಗುಂಡಿ ಒತ್ತಬೇಕು. ಬಲಗಿವಿ ಮುಗಿಯಿತು. ಎಡಗಿವಿಯ ಸರದಿ ಬಂದಾಗ ಬಲಗಿವಿಗೆ 'ಸೋ...' ಅಂತ ಮಳೆ ಸುರಿದ ಸದ್ದು ಬಿಟ್ಟಳು. ಇದೇನವ್ವ, ಪರೀಕ್ಷೆ ಎಡಗಿವಿಗೆ, ಗಲಾಟೆ ಬಲಗಿವಿಗೆ? ತರಗತಿಯಲ್ಲಿ ಒಬ್ಬ ಹುಡುಗನನ್ನು ಪ್ರಶ್ನೆ ಕೇಳಿದರೆ ಪಕ್ಕದ ಜಾಣ ಹುಡುಗ ಪಿಸುಗುಟ್ಟಿ ಉತ್ತರ ಹೇಳಿಕೊಡುತ್ತಾನಲ್ಲ, ಹಾಗೆ ಒಳ್ಳೆಯ ಕಿವಿ ತಲೆಬುರುಡೆಯ ಎಲುಬಿನ ಮೂಲಕ ಆಚೆಯ ಸದ್ದನ್ನು ಕೇಳಿ ತಾನೇ ಉತ್ತರ ಕೊಟ್ಟುಬಿಡುತ್ತದಂತೆ. ಅದಕ್ಕೇ ಅದರ ಬಾಯಿಗೆ, ಅಂದರೆ ಕಿವಿಗೆ, ಬೇರೆ ಕೆಲಸ ಹಚ್ಚೋದು.

ಕೊನೆಗೆ ಕೈಗೆ ಕೊಟ್ಟ ನಕ್ಷೆ ನೋಡಬೇಕಿತ್ತು ನೀವು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಚಿಹ್ನೆ. ಕೆಳಗೆ ಇಳಿದಷ್ಟೂ ಕಿವಿ ಮಂದ. ನನ್ನ ಸೊನ್ನೆಗಳು ಮೇಲೆ ಸಾಲಾಗಿ ಕೂತಿದ್ದವು. ಗುಣಾಕಾರಗಳು ಎಡತುದಿಯಲ್ಲಿ ಪರವಾಗಿಲ್ಲ ಅನ್ನುವಂತಿದ್ದು, ಬಲಕ್ಕೆ ಹೋಗುತ್ತಾ ಹೋಗುತ್ತಾ ಇಳಿದಿದ್ದವು. ದಪ್ಪ ದನಿ ಉಳಿದಿದೆ, ಸಣ್ಣ ದನಿ ಹೋಗಿದೆ ಅಂತ ಅರ್ಥ. ಒಳಗಿವಿಯಲ್ಲಿ ಒಂದು ಶಂಖ ಇದೆ, ಎರಡೂವರೆ ಸುತ್ತಿನದು. ಅದರೊಳಗೆ ಕೂದಲು ಮೂಡಿದ ಜೀವಕೋಶಗಳು ಸುಮಾರು 15,000. ಸಣ್ಣ ದನಿಯವು ಬಾಗಿಲಲ್ಲೇ ಕೂತಿರುತ್ತವೆ, ದಪ್ಪ ದನಿಯವು ಒಳತುದಿಗೆ. ಸಾಮಾನ್ಯವಾಗಿ ಮೊದಲು ಸವೆಯೋದು ಬಾಗಿಲಿನವೇ.

ಇದನ್ನು ನೋಡಿದಾಗ ನನಗೆ ಮುಂಡಗೋಡ ನೆನಪಾಯಿತು. ಅಲ್ಲಿಯ ಟಿಬೆಟನ್ ಕಾಲೊನಿ ನಿಮಗೆ ಗೊತ್ತಲ್ಲ, 1966ರಿಂದ ಇರೋದು. ಡ್ರೆಪುಂಗ್ ಮಠದ ದೊಡ್ಡ ಸಭಾಂಗಣದಲ್ಲಿ ಭಿಕ್ಷುಗಳು ಸಾಲಾಗಿ ಕೂತು ಪಾರಾಯಣ ಮಾಡುತ್ತಿದ್ದರು. ಹೊಟ್ಟೆಯಾಳದಿಂದ ಬರುವ ದನಿ ಅದು, ನೆಲದ ಹಲಗೆಯಿಂದಲೇ ಏಳುತ್ತಿದೆ ಅನ್ನಿಸುತ್ತದೆ. ಅದು ನನಗೆ ಎರಡೂ ಕಿವಿಗೆ ತುಂಬಿಕೊಂಡು ಕೇಳಿತು. ನಡುನಡುವೆ ಕಿಣಿಕಿಣಿ ಗಂಟೆ ಮಾತ್ರ ಬಲಗಿವಿಯಲ್ಲೇ ಹುಟ್ಟಿ ಬಲಗಿವಿಯಲ್ಲೇ ಮುಗಿಯುತ್ತಿತ್ತು. ಹಳಿಯಾಳ ಕಡೆ ನಮ್ಮ ಸಿದ್ದಿ ಜನ ಡಮಾಮಿ ಬಡಿದರೂ ಅಷ್ಟೇ. ಆ ದೊಡ್ಡ ಚರ್ಮವಾದ್ಯದ ಪೆಟ್ಟು ಎಡಗಿವಿಗೂ ಸಲೀಸು, ಹಾಡುವವರ ಮಾತಿನ ಅಂಚುಗಳು ಮಾತ್ರ ಮಬ್ಬು. ಮುಂಡಗೋಡದಲ್ಲಿ ಥುಕ್ಪಾ ಕುಡಿದೆವು, ಬಿಸಿಬಿಸಿ, ಶುಂಠಿ ಹಾಕಿದ್ದು. ಮಳೆಗಾಲದಲ್ಲಿ ಒಮ್ಮೆ ಎಲ್ಲರೂ ಸೇರಿ ಹೋಗೋಣ, ಆಯ್ತಾ?

ಎಲ್ಲಿದ್ದೆ? ಹಾಂ, ಮಷಿನ್. ಕಿವಿಯ ಹಿಂದೆ ಕೂರುವಂಥದು, ಸಣ್ಣ ನಳಿಕೆ ಒಳಗೆ ಇಳಿಯುತ್ತದೆ. ಅದರ ಮೈಮೇಲೂ ಚುಕ್ಕಿ ಇದೆ, ಎಡಕ್ಕೆ ನೀಲಿ, ಬಲಕ್ಕೆ ಕೆಂಪು, ಆ ನಕ್ಷೆಯ ಬಣ್ಣವೇ. ಹಾಕಿಕೊಂಡು ಮನೆಗೆ ಬಂದರೆ ಅಡುಗೆಮನೆ ತುಂಬಾ ಹೊಸಬರು! ಫ್ರಿಜ್ಜು ಇಷ್ಟು ಗೊಣಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಪ್ಲಾಸ್ಟಿಕ್ ಚೀಲ ಮಡಚಿದರೆ ಬೆಂಕಿ ಚಟಚಟಿಸಿದ ಸದ್ದು. ಸ್ಟೀಲಿನ ತಾಟು ಸಿಂಕಿಗೆ ಇಳಿಸಿದಾಗ ಹಲ್ಲು ಜುಮ್ಮೆಂದಿತು. ಸ್ವಂತ ದನಿ ಹಂಡೆಯೊಳಗಿನಿಂದ ಬಂದಿತು. ಹಪ್ಪಳ ಕಡಿದರೆ ಎದುರಿನವರ ಮಾತು ಮುಚ್ಚಿಹೋಗುತ್ತದೆ. ಕಿವಿಯ ದಾರಿ ಮುಚ್ಚಿದಾಗ ನಮ್ಮ ದವಡೆಯ, ಗಂಟಲಿನ ಸದ್ದು ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಸುತ್ತುತ್ತದೆ. ತುದಿಯ ರಬ್ಬರಿನ ಗುಬುಟು ಬದಲಿಸಿ, ತೂತು ಇರುವಂಥದು ಹಾಕಿಕೊಟ್ಟ ಮೇಲೆ ಅರ್ಧ ಕಡಿಮೆಯಾಯಿತು. ಇದನ್ನು ಹೇಳೋದು ಯಾಕೆಂದರೆ, ಎಷ್ಟೋ ಮಂದಿ ಈ ಒಂದು ಕಾರಣಕ್ಕೇ ಮಷಿನ್ ಕಿತ್ತು ಪೆಟ್ಟಿಗೆಗೆ ಹಾಕುತ್ತಾರೆ. ಒಂದು ಗುಬುಟಿನ ಮಾತು ಅದು! ಮತ್ತೆ ಹೋಗಿ ಕೇಳಬೇಕಷ್ಟೇ.

ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ನದಿ. ಮೌಳಂಗಿಯಲ್ಲಿ ಹುಟ್ಟಿದವರಿಗೆ, ಇಲ್ಲಿಗೆ ಮದುವೆಯಾಗಿ ಬಂದವರಿಗೆ ಕಾಳಿ ಕೇಳಿಸುತ್ತದೇನ್ರಿ? ಇಲ್ಲ. ಅದು ಇದೆ ಅಷ್ಟೇ. ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಬಂಡೆಗಳ ಮೇಲೆ ಸದ್ದು ಏರುತ್ತದೆ, ನಿಂತಾಗ ಇಳಿಯುತ್ತದೆ. ಆಗಲೂ ನಾವು ಸಾರಿಗೆ ಒಗ್ಗರಣೆ ಹಾಕುತ್ತಲೇ ಇರುತ್ತೇವೆ. ಮಿದುಳು ಆ ಸದ್ದನ್ನು ಎಷ್ಟೋ ವರ್ಷದ ಹಿಂದೆಯೇ ಪಕ್ಕಕ್ಕೆ ಸರಿಸಿಟ್ಟಿದೆ. ಮಷಿನಿಗೆ ಅದು ಗೊತ್ತಿಲ್ಲವಲ್ಲ. ಮೊದಲ ದಿನ ಎಡಗಿವಿಗೆ ಕಾಳಿ ಪೂರಾ ಹೊಳೆಯಾಗಿ ಬಂದಳು, ಬಲಗಿವಿಗೆ ಇದ್ದೂ ಇಲ್ಲದವಳು. ಒಂದೇ ನದಿ ಎರಡಾಗಿ ಹರಿಯಿತು. ನಾನು ಹಿತ್ತಲ ಕಟ್ಟೆ ಮೇಲೆ ಕೂತು ಬಹಳ ಹೊತ್ತು ಅದನ್ನೇ ಕೇಳಿದೆ. ದಿನ ಕಳೆದಂತೆ ಎಡಗಡೆಯ ನದಿಯೂ ಹಿಂದೆ ಸರಿಯಿತು. ಮಷಿನ್ ದನಿ ತಗ್ಗಿಸಿದ್ದಲ್ಲ ಅದು, ಮಿದುಳು ಮತ್ತೆ ಕಲಿತದ್ದು. ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ಹೆಚ್ಚಿಸುತ್ತಾ ಹೋಗಬೇಕು. ಮದುವೆ ಮನೆಗೆ ಹೋಗುವ ದಿನ ಮಾತ್ರ ಹಾಕಿಕೊಂಡರೆ ಪಾಪ ಮಿದುಳು ಏನು ಕಲಿತೀತು?

ಇನ್ನೂ ಒಂದು ತೊಡಕಿದೆ. ಈಗಿನ ಡಿಜಿಟಲ್ ಮಷಿನ್ ಸದ್ದನ್ನು ಹಿಡಿದು, ಲೆಕ್ಕ ಹಾಕಿ, ಒಳಗೆ ಬಿಡಲು ಸೆಕೆಂಡಿನ ಸಾವಿರ ಪಾಲಿನಲ್ಲಿ ಕೆಲವು ಪಾಲು ತಡ ಮಾಡುತ್ತದೆ. ನಮಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಒಂದು ಪಾಲಿಗೂ ಕಡಿಮೆ ಅಂತರದಲ್ಲಿ ದಿಕ್ಕು ಗುರುತಿಸುವ ಮಿದುಳಿಗೆ ಅದು ಯುಗವೇ ಆಯಿತಲ್ಲ! ಬಲಗಿವಿಯದು ಬರಿಗಿವಿ, ತಡವಿಲ್ಲ. ಎಡಗಿವಿ ಯಾವಾಗಲೂ ಒಂದು ಹೆಜ್ಜೆ ಹಿಂದೆ. ಈ ಹೊಸ ಲೆಕ್ಕಕ್ಕೆ ಮಿದುಳು ಒಗ್ಗಿಕೊಳ್ಳಬೇಕು. ನನಗೆ ಮೊದಲು ಶಬ್ದ ಬಂತು, ಆಮೇಲೆ ಮಾತು ಬಂತು, ದಿಕ್ಕು ಎಲ್ಲಕ್ಕಿಂತ ಕೊನೆಗೆ, ಅದೂ ಚೂರುಚೂರೇ. ಈಗ ಹಕ್ಕಿ ಹೊಳೆ ಕಡೆಯೋ ಹಿತ್ತಲ ಕಡೆಯೋ ಅನ್ನುವಷ್ಟು ತಿಳಿಯುತ್ತದೆ. ಯಾವ ಕೊಂಬೆ ಅಂತ ಕೇಳಬೇಡಿ.

ಹಕ್ಕಿ ಅಂದೆನಲ್ಲ, ಸಿಳ್ಳಾರದ ಕಥೆ ಕೇಳಿ. ಮಳೆ ಹಿಡಿಯುವ ಮೊದಲು ಹಳ್ಳದ ಬಂಡೆ ಹತ್ತಿರ ಶಾಲೆ ತಪ್ಪಿಸಿದ ಹುಡುಗನ ಥರ ರಾಗವಿಲ್ಲದ ರಾಗದಲ್ಲಿ ಸಿಳ್ಳೆ ಹಾಕುತ್ತದಲ್ಲ, ಅದೇ. ಮಷಿನ್ ಹಾಕಿದ ಮೇಲೆ ಅದರ ಸಿಳ್ಳೆ ಎಡಗಿವಿಯಲ್ಲಿ ನಡುಗಿಕೊಂಡು, ಎರಡೆರಡಾಗಿ ಬರತೊಡಗಿತು. ಹಕ್ಕಿಗೆ ನೆಗಡಿಯೇ ಅಂದುಕೊಳ್ಳಬೇಕು. ಕಾರಣ ಹೀಗಂತೆ: ಮಷಿನಿನಿಂದ ಹೊರಬಿದ್ದ ಸದ್ದು ಮತ್ತೆ ಅದರ ಮೈಕಿಗೇ ಹೋದರೆ 'ಕುಯ್' ಅಂತ ಕೂಗು ಏಳುತ್ತದೆ. ಅದನ್ನು ಅಡಗಿಸಲು ಒಳಗೊಂದು ಏರ್ಪಾಡಿದೆ. ಒಂದೇ ಸ್ವರದ ಸಿಳ್ಳೆ ಕೇಳಿದರೆ ಆ ಏರ್ಪಾಡಿಗೆ ಇದೂ ತನ್ನದೇ ಕೂಗು ಅಂತ ಅನುಮಾನ, ಅಡಗಿಸಲು ನೋಡುತ್ತದೆ. ಕೊಳಲಿಗೂ ಹೀಗೇ ಆಗುತ್ತದೆ. ಆಡಿಯಾಲಜಿಸ್ಟ್ ಹುಡುಗಿಗೆ ಹೇಳಿದೆ. ಅವಳು ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಸಂಗೀತಕ್ಕೆ ಅಂತ ಇರುವ ಬೇರೆ ಪ್ರೋಗ್ರಾಂ ಹಾಕಿಕೊಟ್ಟಳು. ಗುಂಡಿ ಒಮ್ಮೆ ಒತ್ತಿದರೆ ಮನೆ ಮಾತು, ಇನ್ನೊಮ್ಮೆ ಒತ್ತಿದರೆ ಸಿಳ್ಳಾರ. 'ಹಕ್ಕಿಗೋಸ್ಕರ ಯಾರೂ ಕೇಳಿರಲಿಲ್ಲ' ಅಂದಳು. ದಾಂಡೇಲಿ ಕಡೆಯವರು ಕೇಳದೆ ಇನ್ಯಾರು ಕೇಳಬೇಕು, ಅಲ್ವಾ?

ಆ 'ಕುಯ್' ಕೂಗು ಮನೆಯಲ್ಲೂ ಏಳುತ್ತದೆ. ಪೂಜೆಗೆ ಕೂತು ತಲೆ ಮೇಲೆ ಸೆರಗು ಎಳೆದುಕೊಂಡೆನೋ, ಬಟ್ಟೆ ಮೈಕಿಗೆ ಒತ್ತಿ ಶುರು. ಮೊಮ್ಮಗಳು ಬಂದು ತಬ್ಬಿಕೊಂಡರೂ ಶುರು. ಅವಳಿಗೆ ಅದು ಆಟ. ಸಿಳ್ಳೆ ಬರುವ ತನಕ ತಬ್ಬೋದು, ಬಂದ ಮೇಲೆ ಬಿಡೋದು, ಮತ್ತೆ ತಬ್ಬೋದು. ನಾನೂ ಬೇಡ ಅನ್ನೋದಿಲ್ಲ. ಝುಮಕಿ ಹಾಕಿದರೆ ಅದರ ಕಿಣಿಕಿಣಿ ಬೇರೆ. ಈಗ ಎಡಗಿವಿಗೂ ಬಲಗಿವಿಗೂ ಹರಳೋಲೆಯೇ.

ಮಾತಿನ ವಿಚಾರಕ್ಕೆ ಬಂದರೆ, ಶಹರದ ಕಿವಿ ಮಂದದವರಿಗಿಂತ ನಮ್ಮ ಕಡೆಯವರ ಕೆಲಸ ಕಷ್ಟ ಅಂತ ನನ್ನ ಅಭಿಪ್ರಾಯ. ಯಾಕೆ ಹೇಳಿ? ಪೂರ್ತಿ ಕೇಳದಾಗ ಮಿದುಳು ಊಹೆ ಮಾಡುತ್ತದೆ, ಊಹೆ ಮಾಡೋದು ಒಂದು ಭಾಷೆಯೊಳಗೆ. ದಾಂಡೇಲಿ ಸಂತೆಯಲ್ಲಿ ತರಕಾರಿಯವಳು ಕನ್ನಡದಲ್ಲಿ ಶುರು ಮಾಡಿ, ಪಕ್ಕದವಳಿಗೆ ಕೊಂಕಣಿಯಲ್ಲಿ ಒಂದು ಮಾತು ಎಸೆದು, ರೇಟು ಮರಾಠಿಯಲ್ಲಿ ಹೇಳಿ, ಚಿಲ್ಲರೆ ಹಿಂದಿಯಲ್ಲಿ ಕೇಳುತ್ತಾಳೆ. ಕಾಗದದ ಕಾರ್ಖಾನೆ ಬಂದಾಗಿನಿಂದ ಎಲ್ಲೆಲ್ಲಿಯ ಜನ ಬಂದು ನೆಲೆಸಿದ ಊರಲ್ಲವೇ ಅದು. ಎರಡು ಕಿವಿ ಇದ್ದವರಿಗೆ ಅದೊಂದು ಹಬ್ಬ. ಒಂದು ಕಿವಿಯವರು ಕನ್ನಡದಲ್ಲಿ ಊಹೆ ಕಟ್ಟಿಕೊಂಡು ಕೂತಾಗ ಮಾತು ಜೋಯಿಡಾ ದಾರಿ ಹಿಡಿದು ಕೊಂಕಣಿಗೆ ಇಳಿದಿರುತ್ತದೆ. ಮಷಿನ್ ಬಂದ ಮೇಲೆ ನನಗೆ ಸಂತೆ ವಾಪಸ್ ಸಿಕ್ಕಿತು. ಗದ್ದಲ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಬದನೆಕಾಯಿಯ ರೇಟು ಎಡಗಡೆಯಿಂದ ಬಂದರೂ ಗೊತ್ತಾಗುತ್ತದೆ.

ಮಷಿನ್ ಅಂದಾಗ ನೆನಪಾಯಿತು, ನಮ್ಮ ಮಾವನವರ ಕಾಲದ ಟ್ರಾನ್ಸಿಸ್ಟರ್ ರೇಡಿಯೊ ಒಂದು ಇನ್ನೂ ಅಟ್ಟದ ಮೇಲಿದೆ, ಚರ್ಮದ ಅಂಗಿಯದು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು, ನಮ್ಮ ಮನೆಗೆ ಅದು ಬಂದದ್ದು ಈ ಟ್ರಾನ್ಸಿಸ್ಟರ್ ಮೂಲಕ ಬಹಳ ತಡವಾಗಿ. ಮಾವನವರು ಅದನ್ನು ಎಮ್ಮೆ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಹಾಲು ಕರೆಯುತ್ತಿದ್ದರು, ವಚನ ಗಾಯನ ಬಂದರೆ ಎಮ್ಮೆ ಜಾಸ್ತಿ ಹಾಲು ಕೊಡುತ್ತದೆ ಅಂತ ಅವರ ನಂಬಿಕೆ. ನಾನು ಈಚೆಗೆ ತಿಳಿದು ಖುಷಿಪಟ್ಟ ಸಂಗತಿ ಏನೆಂದರೆ, ಟ್ರಾನ್ಸಿಸ್ಟರ್ ಅನ್ನೋ ಆ ಸಣ್ಣ ಬಿಡಿಭಾಗ ಮೊದಲು ಜನರ ಕೈಗೆ ಬಂದದ್ದು ರೇಡಿಯೊದಲ್ಲಿ ಅಲ್ಲವಂತೆ, ಕಿವಿ ಮಷಿನಿನಲ್ಲಿ! 1952ರ ಕೊನೆಗೆ ಅಮೆರಿಕದ ಸೊನೊಟೋನ್ ಕಂಪನಿಯದು. ಟ್ರಾನ್ಸಿಸ್ಟರ್ ರೇಡಿಯೊ ಅಂಗಡಿಗೆ ಬಂದದ್ದು 1954ಕ್ಕೆ. ಟ್ರಾನ್ಸಿಸ್ಟರ್ ಕಂಡುಹಿಡಿದ ಬೆಲ್ ಪ್ರಯೋಗಾಲಯದವರು ಕಿವಿ ಮಷಿನ್ ಮಾಡುವವರಿಂದ ಹಕ್ಕಿನ ಹಣವನ್ನೂ ಕೇಳಲಿಲ್ಲ. ಗ್ರಹಾಂ ಬೆಲ್ ಕಿವುಡ ಮಕ್ಕಳಿಗೆ ಪಾಠ ಹೇಳಿದವನಲ್ಲವೇ, ಅವನ ನೆನಪಿಗೆ. ಎಷ್ಟು ಒಳ್ಳೆಯ ಕೆಲಸ!

'ಈ ವಯಸ್ಸಿಗೆ ಯಾರಾದರೂ ನೋಡಿದರೆ ಏನಂತಾರೆ' ಅನ್ನುವವರಿಗೆ ನಾನು ರೇಗನ್ ಹೆಸರು ಹೇಳುತ್ತೇನೆ. ಸಿನಿಮಾದಲ್ಲಿದ್ದ ಕಾಲದಲ್ಲಿ ಅವರ ಬಲಗಿವಿ ಹತ್ತಿರ ಯಾರೋ ಪಿಸ್ತೂಲು ಹಾರಿಸಿ ಕಿವಿ ಕೆಟ್ಟಿತ್ತು. ಅಮೆರಿಕದ ಅಧ್ಯಕ್ಷರಾಗಿದ್ದಾಗ, 1983ರಲ್ಲಿ, ಮಷಿನ್ ಹಾಕಿಕೊಂಡೇ ಎಲ್ಲರೆದುರು ಬಂದರು. ಅದನ್ನು ನೋಡಿ ಅಲ್ಲಿ ಮಷಿನ್ ಕೊಳ್ಳುವವರು ಹೆಚ್ಚಿದರಂತೆ. ಕನ್ನಡಕಕ್ಕೆ ನಾವು ಯಾರೂ ನಾಚುವುದಿಲ್ಲ. ಅದೂ ಕಿವಿ ಮೇಲೇ ಕೂರುತ್ತದೆ, ಇದೂ ಕಿವಿ ಮೇಲೇ ಕೂರುತ್ತದೆ.

ನನ್ನ ತವರಿನ ಕಡೆ ಒಬ್ಬರಿಗೆ ಚಿಕ್ಕಂದಿನಲ್ಲಿ ಮಂಗಬಾವು ಬಂದು ಒಂದು ಕಿವಿ ಪೂರ್ತಿ ಹೋಗಿದೆ. ಸತ್ತ ನರಕ್ಕೆ ಎಷ್ಟು ಜೋರು ಸದ್ದು ಕೊಟ್ಟರೂ ಕೇಳದು. ಅಂಥವರಿಗೆ ಬೇರೆ ಉಪಾಯ, ಕ್ರಾಸ್ ಅಂತಾರೆ. ಕೆಟ್ಟ ಕಿವಿ ಮೇಲೊಂದು ಮೈಕು, ಅಲ್ಲಿಯ ಸದ್ದನ್ನೆಲ್ಲ ಹಿಡಿದು ಒಳ್ಳೆಯ ಕಿವಿಯ ಮಷಿನಿಗೆ ದಾಟಿಸುತ್ತದೆ. ಈ ಉಪಾಯ ಹೊಸದೇನಲ್ಲ, 1965ರದು. ಆಚೆ ಮಗ್ಗುಲಿನಲ್ಲಿ ಕೂತವರ ಮಾತು ಕೇಳುತ್ತದೆ, ಆದರೆ ದಿಕ್ಕು ಸಿಗೋದಿಲ್ಲ, ಎಲ್ಲ ಒಂದೇ ಕಿವಿಗೆ ಬಂತಲ್ಲ. ಆದರೂ ಅವರಿಗೆ ಅದು ದೊಡ್ಡ ಆಸರೆ. ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದೂ ಅದೇ 1965ರಲ್ಲಿ. ಮಾನಸಗಂಗೋತ್ರಿಯಲ್ಲಿದೆ, ದೇಶದ ಎಲ್ಲ ಕಡೆಯಿಂದ ಮಂದಿ ಬರುತ್ತಾರೆ. ಈ ವಿದ್ಯೆ ಕಲಿತ ಹುಡುಗ ಹುಡುಗಿಯರು ಅಲ್ಲಿಂದ ಊರೂರಿಗೆ ಹೋಗಿದ್ದಾರೆ. ಕನ್ನಡ ನಾಡಿನಲ್ಲಿ ಅಂಥದೊಂದು ಇದೆಯೆನ್ನುವುದೇ ನನಗೆ ಹೆಮ್ಮೆ.

ಸರ್ಕಾರದ ಲೆಕ್ಕದಲ್ಲಿ ಮಾತ್ರ ನಾವು ಒಂದು ಕಿವಿಯವರು ಎಲ್ಲೂ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕಿವುಡು ಅಂದರೆ ಎರಡೂ ಕಿವಿಗೆ ಇಷ್ಟು ಡೆಸಿಬೆಲ್ ನಷ್ಟ ಅಂತ ಬರೆದಿದೆ. ಎರಡೂ ಕಿವಿ ಹೋದವರ ಕಷ್ಟ ದೊಡ್ಡದು, ಅವರಿಗೆ ಮೊದಲು ಸಿಗಲಿ, ನನ್ನ ತಕರಾರಿಲ್ಲ. ಆದರೆ ಶಾಲೆಯಲ್ಲಿ ಒಂದು ಕಿವಿ ಮಂದ ಇರುವ ಮಗುವನ್ನು ಯಾವ ಕಡೆ ಕೂರಿಸಬೇಕು ಅನ್ನೋದನ್ನಾದರೂ ಮಾಸ್ತರರಿಗೆ ಹೇಳಬೇಕಲ್ಲ? ಒಳ್ಳೆಯ ಕಿವಿ ಮಾಸ್ತರರ ಕಡೆಗೆ, ಕಿಟಕಿಯ ಗದ್ದಲ ಇನ್ನೊಂದು ಕಡೆಗೆ. ಕಾಸು ಖರ್ಚಿಲ್ಲದ ಕೆಲಸ.

ಇನ್ನೊಂದು, ಇದನ್ನು ನೀವು ನಿಮ್ಮ ಓಣಿಯಲ್ಲೆಲ್ಲ ಹೇಳಿ. ನನ್ನದು ವರ್ಷಗಟ್ಟಲೆ ಮೆಲ್ಲಗೆ ಹೋದ ಕಿವಿ. ಆದರೆ ಕೆಲವರಿಗೆ ಬೆಳಿಗ್ಗೆ ಎದ್ದಾಗ ಒಂದು ಕಿವಿ ಟಪ್ಪಂತ ಬಂದ್ ಆಗಿರುತ್ತದೆ. ಹೊಳೆಯಲ್ಲಿ ಈಜಿದ ನೀರು ಹೋಗಿರಬೇಕು, ಮೇಣ ಇರಬೇಕು ಅಂತ ಬಿಸಿ ಎಣ್ಣೆ ಬಿಟ್ಟುಕೊಂಡು ವಾರ, ಹದಿನೈದು ದಿನ ಕೂತುಬಿಡುತ್ತಾರೆ. ಕೂರಬಾರದು. ಮೊದಲ ಕೆಲವು ದಿನದಲ್ಲೇ ಕಿವಿ ಡಾಕ್ಟರ ಹತ್ತಿರ ಹೋದರೆ ಸ್ಟಿರಾಯ್ಡ್ ಔಷಧಿಯಿಂದ ಕಿವಿ ಮರಳುವ ಸಾಧ್ಯತೆ ಇದೆ, ತಡವಾದಷ್ಟೂ ಅದು ಕಡಿಮೆ. ನಮ್ಮ ಒಳಗಿವಿಯ ಆ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ. ಹಕ್ಕಿಗಳಿಗೆ ಹುಟ್ಟುತ್ತವೆ, ಗೊತ್ತಾ? ಕೋಳಿಮರಿಯಲ್ಲಿ, ಲಾವುಗೆಯಲ್ಲಿ ಇದನ್ನು ವಿಜ್ಞಾನಿಗಳು 1988ರಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಯಾಕೆ ಹುಟ್ಟುವುದಿಲ್ಲ ಅಂತ ಇವತ್ತಿಗೂ ಅದರ ಬೆನ್ನು ಹತ್ತಿದ್ದಾರೆ. ಅಂಗಳದ ಕೋಳಿಗೆ ಇರುವ ಭಾಗ್ಯ ನಮಗಿಲ್ಲ ನೋಡ್ರಿ.

ಮಳೆಗಾಲ ಬರುತ್ತಿದೆ, ನನಗೆ ಅದೊಂದೇ ಚಿಂತೆ. ನಮ್ಮ ಕಡೆಯ ಥಂಡಿಗೆ ಹಪ್ಪಳದ ಡಬ್ಬಿಯೇ ಮೆತ್ತಗಾಗುತ್ತದೆ, ಮಷಿನಿನ ನಳಿಕೆಯೊಳಗೆ ನೀರಿನ ಹನಿ ಕಟ್ಟದೆ ಇರುತ್ತದೆಯೇ? ರಾತ್ರಿ ತೆಗೆದು ಸೆಲ್ಲಿನ ಬಾಗಿಲು ತೆರೆದು, ಸಿಲಿಕಾ ಹರಳು ಹಾಕಿದ ಬಿಗಿ ಡಬ್ಬಿಯಲ್ಲಿ ಇಡುತ್ತೇನೆ. ನೀಲಿ ಹರಳು ಬಣ್ಣ ತಿರುಗಿದರೆ ಒಲೆ ಪಕ್ಕ ಕಾಯಿಸಿ ಮತ್ತೆ ಹಾಕೋದು. ಸೆಲ್ಲೂ ವಿಚಿತ್ರವೇ. ಗಾಳಿ ಕುಡಿದು ಕೆಲಸ ಮಾಡುವ ಸೆಲ್ಲು ಅದು, ಬೆನ್ನಿಗೆ ಅಂಟಿಸಿದ ಬಣ್ಣದ ಚೀಟಿ ಕಿತ್ತರೆ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಿ ಜೀವ ಬರುತ್ತದೆ. ಕಿತ್ತು ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಕಿತ್ತ ಮೇಲೆ ಮತ್ತೆ ಅಂಟಿಸಿ ಉಳಿಸುತ್ತೇನೆ ಅಂದರೆ ಆಗೋದಿಲ್ಲ, ಅದರ ಆಯುಷ್ಯ ಶುರುವಾಯಿತು ಅಂತಲೇ ಲೆಕ್ಕ. ನಾನು ಆ ಚೀಟಿಯನ್ನು ಕ್ಯಾಲೆಂಡರಿನ ಆ ದಿನದ ಮೇಲೆ ಅಂಟಿಸುತ್ತೇನೆ, ಮುಂದಿನದು ಯಾವಾಗ ಅಂತ ತಾನೇ ತಿಳಿಯುತ್ತದೆ. ಮೊಮ್ಮಗಳು ಅವಕ್ಕೆ ಕಣ್ಣು, ಮೂಗು ಬರೆದಿದ್ದಾಳೆ.

ಅದಿರಲಿ, ನಿಮ್ಮ ಮಾವನವರಿಗೂ ಮಷಿನ್ ಕೊಡಿಸಿದ್ದೀರಿ, ಸದ್ದು ಜಾಸ್ತಿ ಅಂತ ಅವರು ಕಪಾಟಿನಲ್ಲಿ ಇಟ್ಟಿದ್ದಾರೆ ಅಂದಿರಲ್ಲ ಮೊನ್ನೆ. ಒಳಗೆ ಹೋದಾಗ ಅದನ್ನು ತಂದು ಇಲ್ಲಿ ಕೊಡ್ರಿ, ಚುಕ್ಕಿ ಯಾವ ಬಣ್ಣದ್ದಿದೆ, ಗುಬುಟು ಮುಚ್ಚಿದ್ದೋ ತೂತಿನದೋ ನೋಡೋಣ. ಹಳೇ ಸೆಲ್ಲು ಒಳಗೇ ಇದ್ದರೆ ಮೊದಲು ತೆಗೆಯಬೇಕು, ಸೋರಿಬಿಡುತ್ತದೆ. ಸೆಲ್ಲಿನ ಚೀಟಿ ನನ್ನದರಂತೆ ಕಂದು ಬಣ್ಣದ್ದಾದರೆ ನನ್ನ ಹತ್ತಿರವೇ ಒಂದು ಪಟ್ಟಿ ಇದೆ, ತಗೊಳ್ಳಿ. ಕಿತ್ತಳೆಯದಾದರೆ ಹುಬ್ಬಳ್ಳಿಗೆ ಹೋಗುವವರಿಗೆ ಹೇಳಿ ತರಿಸಬೇಕು.